ಪಾಲು ಮುರಿದಾಗ ಕೇಳಬೇಕಾದದ್ದು ಲೆಕ್ಕ



ಹೆಬ್ಬಾಳದ ಮೇಲ್ಸೇತುವೆ ಇಳಿದು ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆ ಹೊರಟರೆ ಸಿಗುವ ಊರು ಬ್ಯಾಟರಾಯನಪುರ. ಮೈಸೂರು ರಸ್ತೆಯಲ್ಲೂ ಇದೇ ಹೆಸರಿನ ಊರಿದೆ. ನಾನು ಹೇಳುತ್ತಿರುವುದು ಉತ್ತರದ ಬ್ಯಾಟರಾಯನಪುರದ ಮಾತು. ಹಳ್ಳಿಯಾಗಿದ್ದ ಈ ಊರು ನಗರಸಭೆಯಾಗಿ ಬೆಳೆದು, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. ಮರುವರ್ಷ, ಅಂದರೆ 2008ರಲ್ಲಿ, ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆಯಿತು. ಊರಿನ ಮುಂದಿನ ರಸ್ತೆ ವಿಮಾನ ನಿಲ್ದಾಣದ ಹೆದ್ದಾರಿಯಾಯಿತು. ಇಂಥ ರಸ್ತೆಯ ಬದಿಯ ಅಂಗಡಿಗಳ ನಾಮಫಲಕಗಳನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. 'ಬ್ರದರ್ಸ್', 'ಅಂಡ್ ಕೋ', 'ಟ್ರೇಡರ್ಸ್', 'ಎಂಟರ್‌ಪ್ರೈಸಸ್' ಎಂಬ ಹೆಸರುಗಳ ಹಿಂದೆ ಅನೇಕ ಕಡೆ ಒಬ್ಬರಲ್ಲ, ಇಬ್ಬರೋ ಮೂವರೋ ಇರುತ್ತಾರೆ.

ವ್ಯಾಪಾರ ಚೆನ್ನಾಗಿ ನಡೆಯುತ್ತಿರುವಾಗ ಈ ಸಂಗತಿಯನ್ನು ಯಾರೂ ಗಮನಿಸುವುದಿಲ್ಲ. ಒಂದು ಬೆಳಿಗ್ಗೆ ಅಂಗಡಿಗೆ ಎರಡು ಬೀಗ ಬಿದ್ದಿರುತ್ತವೆ. ಒಬ್ಬರ ಬೀಗ, ಅದರ ಮೇಲೆ ಇನ್ನೊಬ್ಬರ ಬೀಗ. ಆಗ ಎರಡೂ ಮನೆಗಳಲ್ಲಿ ಮಾತು ಆರಂಭವಾಗುತ್ತದೆ. ಪೊಲೀಸರಿಗೆ ದೂರು ಕೊಡೋಣವೇ? ಕೋರ್ಟಿಗೆ ಹೋಗೋಣವೇ? ಹಿರಿಯರನ್ನು ಕೂರಿಸಿ ಪಂಚಾಯ್ತಿ ಮಾಡಿಸೋಣವೇ? ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ, ಓದಿದವರು ಎಂಬ ಕಾರಣಕ್ಕೆ ಅವರನ್ನೂ ಕೇಳುತ್ತಾರೆ. ಆ ಹೊತ್ತಿಗೆ ನಿಮ್ಮ ಬಳಿ ಒಂದಿಷ್ಟು ಉತ್ತರವಿರಲಿ ಎಂಬುದೇ ಈ ಭಾಷಣದ ಉದ್ದೇಶ.

ನಾನು ವಕೀಲನಲ್ಲ. ವಿಜ್ಞಾನ ಓದಿ, ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕನಾಗಿ ಕೆಲಸ ಮಾಡುವವನು. ಆದರೆ ಕಾನೂನಿನ ಈ ಭಾಗವನ್ನು ಓದುತ್ತ ಹೋದಂತೆ ನನಗೆ ನೆನಪಾದದ್ದು ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕ. ಅಳತೆಯನ್ನು ಕಂಡ ಕ್ಷಣದಲ್ಲೇ ಬರೆಯಬೇಕು, ಆಮೇಲೆ ನೆನಪಿನಿಂದ ಬರೆಯಬಾರದು ಎಂಬುದು ಅಲ್ಲಿಯ ನಿಯಮ. ಪಾಲುದಾರರ ವ್ಯಾಜ್ಯದಲ್ಲಿಯೂ ನ್ಯಾಯಾಲಯ ಮುಖ್ಯವಾಗಿ ಕೇಳುವುದು 'ಯಾರು ಒಳ್ಳೆಯವರು' ಎಂದಲ್ಲ, 'ಲೆಕ್ಕ ಎಲ್ಲಿದೆ' ಎಂದು. ಇದೊಂದು ಮಾತು ನೆನಪಿದ್ದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಇಬ್ಬರು ಸ್ನೇಹಿತರು ಸೇರಿ ಸಿಮೆಂಟು, ಕಬ್ಬಿಣ, ಪೈಪು ಮಾರುವ ಅಂಗಡಿ ತೆರೆದರು. ಒಬ್ಬರು ಗಲ್ಲಾದ ಮೇಲೆ ಕೂರುತ್ತಾರೆ, ಇನ್ನೊಬ್ಬರು ಗೋದಾಮು ನೋಡಿಕೊಳ್ಳುತ್ತಾರೆ. ಹೆಸರು ಬೇಡ, ಗಲ್ಲಾದವರು, ಗೋದಾಮಿನವರು ಎಂದೇ ಕರೆಯೋಣ. ಗಲ್ಲಾದವರು 6 ಲಕ್ಷ ರೂಪಾಯಿ ಬಂಡವಾಳ ಹಾಕಿದರು, ಗೋದಾಮಿನವರು 2 ಲಕ್ಷ. ಲಾಭ ಹೇಗೆ ಹಂಚಿಕೊಳ್ಳುವುದು ಎಂದು ಬರೆದುಕೊಳ್ಳಲಿಲ್ಲ. 'ನಮ್ಮ ನಮ್ಮಲ್ಲಿ ಕಾಗದ ಪತ್ರ ಯಾಕೆ' ಎಂದರು. ಕೆಲವು ವರ್ಷಗಳ ನಂತರ ಗೋದಾಮಿನವರಿಗೆ ಒಂದು ವಿಷಯ ತಿಳಿಯಿತು. ಗಲ್ಲಾದ ಬಳಿ ಅಂಟಿಸಿರುವ ಕ್ಯೂಆರ್ ಚೀಟಿಯ ಹಣ ಅಂಗಡಿಯ ಖಾತೆಗೆ ಹೋಗುತ್ತಿರಲಿಲ್ಲ. ಗಲ್ಲಾದವರ ಸ್ವಂತ ಖಾತೆಗೆ ಹೋಗುತ್ತಿತ್ತು.

ಈಗ ಕಾನೂನು ಏನು ಹೇಳುತ್ತದೆ ನೋಡೋಣ. ನಮ್ಮ ದೇಶದಲ್ಲಿ ಇಂಥ ಸಂಸ್ಥೆಗಳಿಗೆ ಅನ್ವಯಿಸುವುದು 1932ರ ಭಾರತೀಯ ಪಾಲುದಾರಿಕೆ ಅಧಿನಿಯಮ. ಅದಕ್ಕೂ ಮೊದಲು ಈ ನಿಯಮಗಳು 1872ರ ಕರಾರು ಅಧಿನಿಯಮದ ಒಂದು ಅಧ್ಯಾಯವಾಗಿದ್ದವು. ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಗೆ 2008ರ ಬೇರೆ ಅಧಿನಿಯಮವಿದೆ. ಅದು ಇಂದಿನ ವಿಷಯವಲ್ಲ. 1932ರ ಕಾನೂನಿನ ವಿಶೇಷವೆಂದರೆ, ಪಾಲುದಾರರು ತಾವೇ ಏನನ್ನೂ ಬರೆದುಕೊಳ್ಳದಿದ್ದ ಕಡೆ ಅದು ತನ್ನ ನಿಯಮವನ್ನು ತುಂಬುತ್ತದೆ. ಲಾಭ ನಷ್ಟ ಹೇಗೆ ಎಂದು ಒಪ್ಪಂದವಿಲ್ಲದಿದ್ದರೆ ಸಮಪಾಲು. ಬಂಡವಾಳ ಹೆಚ್ಚು ಹಾಕಿದವರಿಗೆ ಲಾಭವೂ ಹೆಚ್ಚು ಎಂಬುದು ಕಾನೂನಿನ ನಿಯಮವಲ್ಲ. ದುಡಿಮೆಗೆ ಸಂಬಳ ಕೇಳುವಂತಿಲ್ಲ. ಬಂಡವಾಳದ ಮೇಲೆ ಸಾಲವಾಗಿ ಕೊಟ್ಟ ಹಣಕ್ಕೆ ಮಾತ್ರ ವರ್ಷಕ್ಕೆ ಶೇಕಡಾ 6ರ ಬಡ್ಡಿ. ನಮ್ಮ ಗಲ್ಲಾದವರು ಇದನ್ನು ಕೇಳಿದರೆ ಬೆಚ್ಚಿಬೀಳುತ್ತಾರೆ. ಆದರೆ ಬರೆದುಕೊಳ್ಳುವ ಅವಕಾಶ ಅವರಿಗೂ ಇತ್ತು.

ಅದೇ ಕಾನೂನು ಗೋದಾಮಿನವರ ಕೈಗೂ ಕೆಲವು ಹಕ್ಕುಗಳನ್ನು ಕೊಟ್ಟಿದೆ. ಪಾಲುದಾರರು ಪರಸ್ಪರ ನ್ಯಾಯವಾಗಿ, ನಿಷ್ಠೆಯಿಂದ ನಡೆದುಕೊಳ್ಳಬೇಕು, ನಿಜವಾದ ಲೆಕ್ಕ ಒಪ್ಪಿಸಬೇಕು ಎನ್ನುತ್ತದೆ 9ನೆಯ ಕಲಂ. ಸಂಸ್ಥೆಯ ಲೆಕ್ಕದ ಪುಸ್ತಕಗಳನ್ನು ನೋಡುವ, ನಕಲು ಮಾಡಿಕೊಳ್ಳುವ ಹಕ್ಕು ಪ್ರತಿ ಪಾಲುದಾರರಿಗೂ ಇದೆ ಎನ್ನುತ್ತದೆ 12ನೆಯ ಕಲಂ. ಸಂಸ್ಥೆಯ ವ್ಯವಹಾರದಿಂದಲೋ ಅದರ ಹೆಸರಿನಿಂದಲೋ ಒಬ್ಬರು ಗುಟ್ಟಾಗಿ ಗಳಿಸಿದ ಲಾಭವನ್ನು ಸಂಸ್ಥೆಗೆ ಒಪ್ಪಿಸಬೇಕು ಎನ್ನುತ್ತದೆ 16ನೆಯ ಕಲಂ. ಆದ್ದರಿಂದ ಮೊದಲ ಹೆಜ್ಜೆ ಬೀಗವಲ್ಲ, ಲಿಖಿತ ಪತ್ರ. 'ಇಂಥ ದಿನದಿಂದ ಇಂಥ ದಿನದವರೆಗಿನ ರೋಜುಕೀರ್ದಿ, ಖಾತೆ ಪುಸ್ತಕ, ಬ್ಯಾಂಕಿನ ವಿವರ ತೋರಿಸಿ' ಎಂದು ಬರೆದು, ಅಂಚೆಯಲ್ಲಿ ಕಳುಹಿಸಿ, ರಸೀತಿ ಇಟ್ಟುಕೊಳ್ಳಬೇಕು. ಮುಂದೆ ಪುಸ್ತಕಗಳು ಕೈಯಲ್ಲಿದ್ದೂ ಹಾಜರುಪಡಿಸದಿದ್ದರೆ, ಅವು ತಮಗೆ ವಿರುದ್ಧವಾಗಿರುವುದರಿಂದಲೇ ಬಚ್ಚಿಟ್ಟಿದ್ದಾರೆ ಎಂದು ನ್ಯಾಯಾಲಯ ಭಾವಿಸಬಹುದು.

ಆದರೆ ಸಾಮಾನ್ಯವಾಗಿ ನಮ್ಮ ಜನ ಮೊದಲು ಓಡುವುದು ಪೊಲೀಸ್ ಠಾಣೆಗೆ. 'ನನ್ನ ಪಾಲುದಾರ ಹಣ ನುಂಗಿದ, ನಂಬಿಕೆ ದ್ರೋಹದ ಕೇಸು ಹಾಕಿ' ಎಂದು ಕೇಳುತ್ತಾರೆ. ಈ ಬಗ್ಗೆ ಸುಪ್ರೀಂ ಕೋರ್ಟಿನ ಒಂದು ಹಳೆಯ ತೀರ್ಪಿದೆ. 1965ರ ಕಾನೂನು ವರದಿಗಳಲ್ಲಿ ಪ್ರಕಟವಾದ ವೆಲ್ಜಿ ರಾಘವಜಿ ಪಟೇಲ್ ಪ್ರಕರಣ ಅದು. ಸಂಸ್ಥೆಯ ಹಣದ ಮೇಲೆ ಪಾಲುದಾರನಿಗೆ ಇರುವ ಹಿಡಿತ ಅವನು ಪಾಲುದಾರ ಎಂಬುದರಿಂದಲೇ ಬಂದದ್ದು. ಬೇರೊಬ್ಬರು ಅವನ ಕೈಗೆ ನಂಬಿ ಒಪ್ಪಿಸಿದ್ದಲ್ಲ. ಹಾಗೆ ಒಪ್ಪಿಸಿದ ವಿಶೇಷ ಒಪ್ಪಂದವಿದ್ದರೆ ಹೊರತು ಅದು ನಂಬಿಕೆ ದ್ರೋಹದ ಅಪರಾಧವಾಗುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಹಾಗಾದರೆ ನೊಂದವರಿಗೆ ದಾರಿ ಯಾವುದು? ಸಿವಿಲ್ ನ್ಯಾಯಾಲಯದಲ್ಲಿ ಲೆಕ್ಕ ಕೇಳುವುದು. ಸುಳ್ಳು ಸಹಿ, ನಕಲಿ ದಾಖಲೆಗಳ ಮಾತು ಬೇರೆ. ಅವು ಪಾಲುದಾರ ಮಾಡಿದರೂ ಅಪರಾಧವೇ. 1860ರ ದಂಡ ಸಂಹಿತೆಯ ಬದಲು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ನಂಬಿಕೆ ದ್ರೋಹಕ್ಕೆ 'ನಂಬಿ ಒಪ್ಪಿಸಿರಬೇಕು' ಎಂಬ ಮೂಲ ಅಂಶ ಅದರಲ್ಲಿಯೂ ಉಳಿದಿದೆ.

ಇನ್ನು ನ್ಯಾಯಾಲಯದ ಬಾಗಿಲಲ್ಲಿ ಒಂದು ಹೊಸ್ತಿಲಿದೆ. ಅದೇ 69ನೆಯ ಕಲಂ. ಪಾಲುದಾರಿಕೆ ಸಂಸ್ಥೆಯನ್ನು ನೋಂದಣಿ ಮಾಡಿಸಲೇಬೇಕೆಂಬ ಕಡ್ಡಾಯ ನಮ್ಮ ಕಾನೂನಿನಲ್ಲಿಲ್ಲ. ಮಾಡಿಸದಿದ್ದರೆ ದಂಡವೂ ಇಲ್ಲ. ಆದರೆ ನೋಂದಣಿಯಾಗದ ಸಂಸ್ಥೆಯ ಪಾಲುದಾರರು, ಸಂಸ್ಥೆ ನಡೆಯುತ್ತಿರುವಾಗ, ಕರಾರಿನ ಹಕ್ಕಿಗಾಗಿ ಒಬ್ಬರ ಮೇಲೊಬ್ಬರು ದಾವೆ ಹೂಡುವಂತಿಲ್ಲ. ಲಾಭದ ಪಾಲು ಕೊಡಿ, ಪುಸ್ತಕ ತೋರಿಸಿ ಎಂಬ ದಾವೆಗಳಿಗೂ ಇದೇ ಅಡ್ಡಿ. ಹೀಗೆ ಕಾಗದದ ಮೇಲೆ ಹಕ್ಕು ಇರುತ್ತದೆ, ಅದನ್ನು ಜಾರಿ ಮಾಡಿಸುವ ಬಾಗಿಲು ಮುಚ್ಚಿರುತ್ತದೆ. ದಾವೆ ಹೂಡುವುದಕ್ಕೆ ಮೊದಲು ನೋಂದಣಿ ಮಾಡಿಸಿದರೆ ಅಡ್ಡಿ ಹೋಗುತ್ತದೆ. ಆದರೆ ಜಗಳವಾದ ಮೇಲೆ ನೋಂದಣಿ ಅರ್ಜಿಗೆ ಎಲ್ಲ ಪಾಲುದಾರರ ಸಹಿ ಸಿಗುವುದು ಎಷ್ಟು ಕಷ್ಟ ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಒಂದು ಬಾಗಿಲು ಮಾತ್ರ ಯಾವಾಗಲೂ ತೆರೆದಿದೆ. ಸಂಸ್ಥೆಯನ್ನೇ ವಿಸರ್ಜಿಸಿ ಎಂದು, ವಿಸರ್ಜನೆಯಾದ ಸಂಸ್ಥೆಯ ಲೆಕ್ಕ ಕೊಡಿಸಿ ಎಂದು ದಾವೆ ಹೂಡಲು ನೋಂದಣಿ ಬೇಕಿಲ್ಲ. ಮಹಾರಾಷ್ಟ್ರ ರಾಜ್ಯ 1984ರ ತಿದ್ದುಪಡಿಯಿಂದ ಈ ಬಾಗಿಲನ್ನೂ ಬಹುಮಟ್ಟಿಗೆ ಮುಚ್ಚಿತ್ತು. 2009ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿ ಸಂವಿಧಾನಕ್ಕೆ ವಿರುದ್ಧ ಎಂದು ರದ್ದುಮಾಡಿತು. ನೋಂದಣಿ ಮಾಡಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಬ್ಬ ಮನುಷ್ಯ ತನ್ನ ಆಸ್ತಿಯ ಪಾಲನ್ನೇ ಕಳೆದುಕೊಳ್ಳುವಂತಾಗಬಾರದು ಎಂಬುದು ಆ ತೀರ್ಪಿನ ಸಾರ.

ವಿಸರ್ಜನೆ ಹೇಗೆ ಆಗುತ್ತದೆ? ಇಷ್ಟು ವರ್ಷ ಎಂದು ಅವಧಿ ಗೊತ್ತುಮಾಡದ ಸಂಸ್ಥೆಯನ್ನು ಯಾವ ಪಾಲುದಾರರಾದರೂ ಉಳಿದ ಎಲ್ಲರಿಗೂ ಲಿಖಿತ ನೋಟೀಸು ಕೊಟ್ಟು ಮುಗಿಸಬಹುದು. ಅವಧಿ ಇದ್ದರೆ ನ್ಯಾಯಾಲಯಕ್ಕೆ ಹೋಗಬೇಕು. ಪಾಲುದಾರರ ದುರ್ನಡತೆ, ಕರಾರನ್ನು ಮತ್ತೆ ಮತ್ತೆ ಮುರಿಯುವುದು, ವ್ಯಾಪಾರ ನಷ್ಟದಲ್ಲೇ ನಡೆಯಬೇಕಾದ ಸ್ಥಿತಿ, ಇವೆಲ್ಲ 44ನೆಯ ಕಲಂ ಒಪ್ಪುವ ಕಾರಣಗಳು. ಆದರೆ ಬಹುಮತವಿದೆ ಎಂದು ಮೂವರಲ್ಲಿ ಇಬ್ಬರು ಸೇರಿ ಮೂರನೆಯವರನ್ನು ಹೊರಹಾಕುವಂತಿಲ್ಲ. ಹಾಗೆ ಮಾಡುವ ಅಧಿಕಾರ ಕರಾರಿನಲ್ಲಿ ಬರೆದಿರಬೇಕು, ಅದನ್ನು ಸದ್ಭಾವನೆಯಿಂದ ಬಳಸಿರಬೇಕು.

ದಾವೆ ಹೂಡಿದ ಮೇಲೆ ಸರಕು ಸಾಗಿಹೋಗದಂತೆ ತಡೆಯಾಜ್ಞೆ ಕೇಳಬಹುದು. ಇಬ್ಬರಿಗೂ ಸೇರದ ಒಬ್ಬರನ್ನು ರಿಸೀವರ್ ಆಗಿ ನೇಮಿಸಿ, ಅಂಗಡಿಯನ್ನು ಅವರ ವಶಕ್ಕೆ ಕೊಡಿ ಎಂದೂ ಕೇಳಬಹುದು. ನ್ಯಾಯಾಲಯ ಮೊದಲು ಪ್ರಾಥಮಿಕ ಡಿಕ್ರಿ ಕೊಡುತ್ತದೆ. ಯಾರ ಪಾಲು ಎಷ್ಟು, ಯಾವ ದಿನ ಸಂಸ್ಥೆ ಮುಗಿಯಿತು ಎಂಬುದು ಅದರಲ್ಲಿ ತೀರ್ಮಾನವಾಗುತ್ತದೆ. ಆಮೇಲೆ ಲೆಕ್ಕ ನೋಡಲು ಕಮಿಷನರನ್ನು ನೇಮಿಸಬಹುದು. ಲೆಕ್ಕ ಮುಗಿದ ಮೇಲೆ ಅಂತಿಮ ಡಿಕ್ರಿ ಬರುತ್ತದೆ.

ಲೆಕ್ಕ ತೀರಿಸುವ ಕ್ರಮವನ್ನು 48ನೆಯ ಕಲಂ ಹೇಳುತ್ತದೆ. ನಮ್ಮ ಅಂಗಡಿಯ ಸರಕು, ಬಾಕಿ ವಸೂಲಿ ಎಲ್ಲ ಸೇರಿ 20 ಲಕ್ಷ ರೂಪಾಯಿ ಬಂತು ಎಂದಿಟ್ಟುಕೊಳ್ಳಿ. ಮೊದಲು ಹೊರಗಿನವರ ಸಾಲ 6 ಲಕ್ಷ ತೀರಬೇಕು. ಉಳಿದದ್ದು 14 ಲಕ್ಷ. ಗಲ್ಲಾದವರು ಬಂಡವಾಳವಲ್ಲದೆ ಸಾಲವಾಗಿ 2 ಲಕ್ಷ ಕೊಟ್ಟಿದ್ದರೆ ಅದು ಎರಡನೆಯದು. ಬಡ್ಡಿಯನ್ನು ಸದ್ಯಕ್ಕೆ ಬಿಡೋಣ. ಉಳಿದದ್ದು 12 ಲಕ್ಷ. ಮೂರನೆಯದಾಗಿ ಬಂಡವಾಳ, 6 ಮತ್ತು 2, ಒಟ್ಟು 8 ಲಕ್ಷ. ಕೊನೆಗೆ ಉಳಿದ 4 ಲಕ್ಷ ಸಮಪಾಲು, ತಲಾ 2 ಲಕ್ಷ. ಗಲ್ಲಾದವರಿಗೆ ಒಟ್ಟು 10 ಲಕ್ಷ, ಗೋದಾಮಿನವರಿಗೆ 4 ಲಕ್ಷ. ಕ್ಯೂಆರ್ ಚೀಟಿಯಿಂದ ಹೋದ ಹಣವನ್ನು ಗಲ್ಲಾದವರ ಲೆಕ್ಕಕ್ಕೆ ಹಾಕಿದ ಮೇಲೆ ಈ ಅಂಕಿಗಳು ಬದಲಾಗುತ್ತವೆ. ಹಾಗಾಗಿ 'ಆ ಹಣದಲ್ಲಿ ನನ್ನ ಅರ್ಧ ಕೊಡಿಸಿ' ಎಂದು ಒಂದು ತುಂಡನ್ನಷ್ಟೇ ಕೇಳಿದರೆ ಸಾಮಾನ್ಯವಾಗಿ ನಡೆಯುವುದಿಲ್ಲ. ಇಡೀ ಲೆಕ್ಕ ನೋಡದೆ ಯಾರಿಗೆ ಯಾರು ಕೊಡಬೇಕು ಎಂಬುದೇ ತಿಳಿಯುವುದಿಲ್ಲ.

ಬ್ಯಾಟರಾಯನಪುರದಂಥ ಕಡೆ ಇದಕ್ಕಿಂತ ದೊಡ್ಡ ಜಗಳ ಜಾಗದ್ದು. ಹೆದ್ದಾರಿಯ ಬದಿಯ ನಿವೇಶನಕ್ಕೆ ಬೆಲೆ ಏರಿದ ಮೇಲೆ, ಸಿಮೆಂಟು ಕಬ್ಬಿಣದ ಲೆಕ್ಕ ಸಣ್ಣದಾಗಿ ಕಾಣುತ್ತದೆ. ಗೋದಾಮು ನಿಂತಿರುವ ನಿವೇಶನ ಗೋದಾಮಿನವರ ಹೆಸರಿನಲ್ಲಿದೆ. ಅದು ಅವರದೋ, ಸಂಸ್ಥೆಯದೋ? ಅಂಗಡಿ ಬಳಸಿಕೊಂಡಿತು ಎಂದ ಮಾತ್ರಕ್ಕೆ ಅದು ಸಂಸ್ಥೆಯ ಆಸ್ತಿಯಾಗುವುದಿಲ್ಲ. ಆದರೆ ಅವರು ಅದನ್ನು ಬಂಡವಾಳವಾಗಿಯೇ ತಂದಿದ್ದರೆ, ಅಥವಾ ಸಂಸ್ಥೆಯ ಹಣದಿಂದ ಸಂಸ್ಥೆಗಾಗಿ ಕೊಂಡಿದ್ದರೆ, ಪತ್ರದಲ್ಲಿ ಯಾರ ಹೆಸರಿದ್ದರೂ ಅದು ಸಂಸ್ಥೆಯದು. ಅದ್ದಂಕಿ ನಾರಾಯಣಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1966ರಲ್ಲಿ ಇದನ್ನು ವಿವರಿಸಿದೆ. ಭತ್ತ ಕುಟ್ಟುವ, ಕಡಲೆಕಾಯಿ ಸುಲಿಯುವ ಗಿರಣಿಯನ್ನು ಎರಡು ಕುಟುಂಬಗಳು ಪಾಲಿನಲ್ಲಿ ನಡೆಸಿದ ಪ್ರಕರಣ ಅದು. ಸಂಸ್ಥೆಗೆ ತಂದ ಆಸ್ತಿ ತಂದವರೊಬ್ಬರದಾಗಿ ಉಳಿಯುವುದಿಲ್ಲ. ಯಾವ ಪಾಲುದಾರರೂ ಇಂಥ ಗೋಡೆ ನನ್ನದು, ಇಂಥ ಯಂತ್ರ ನನ್ನದು ಎನ್ನುವಂತಿಲ್ಲ. ಸಾಲ ತೀರಿ ಉಳಿದದ್ದರಲ್ಲಿ ಪಾಲು ಮಾತ್ರ ಅವರದು ಎಂದು ನ್ಯಾಯಾಲಯ ಹೇಳಿತು.

ಕಣ್ಣಿಗೆ ಕಾಣದ ಇನ್ನೊಂದು ಆಸ್ತಿಯಿದೆ. ಅದು ಅಂಗಡಿಯ ಹೆಸರು, ಗಿರಾಕಿಗಳ ನಂಬಿಕೆ. ವ್ಯಾಪಾರಿಗಳು ಗುಡ್‌ವಿಲ್ ಎನ್ನುತ್ತಾರೆ. ವಿಸರ್ಜನೆಯಾದಾಗ ಅದನ್ನೂ ಆಸ್ತಿಗಳಲ್ಲಿ ಸೇರಿಸಬೇಕು. ಊದುಬತ್ತಿ ತಯಾರಿಸುತ್ತಿದ್ದ ಒಂದು ಪಾಲುದಾರಿಕೆ ಸಂಸ್ಥೆ ಮತ್ತು ಬೆಂಗಳೂರಿನ ಆದಾಯ ತೆರಿಗೆ ಆಯುಕ್ತರ ನಡುವಿನ ಮೊಕದ್ದಮೆಯಲ್ಲಿ ಇದು ಕಾಣುತ್ತದೆ. ಬಿ.ಸಿ. ಶ್ರೀನಿವಾಸ ಶೆಟ್ಟಿ ಪ್ರಕರಣವೆಂದು ಅದು ಪ್ರಸಿದ್ಧ. 1954ರ ಮೊದಲ ಕರಾರಿನಲ್ಲಿ, ಗುಡ್‌ವಿಲ್‌ಗೆ ಬೆಲೆ ಕಟ್ಟಿಲ್ಲ, ವಿಸರ್ಜನೆಯ ಕಾಲಕ್ಕೆ ಕಟ್ಟತಕ್ಕದ್ದು ಎಂದು ಬರೆದಿದ್ದರು. ಮುಂದೆ ಅದಕ್ಕೆ 1,50,000 ರೂಪಾಯಿ ಬೆಲೆ ಕಟ್ಟಿದರು. 1965ರ ಕೊನೆಗೆ ಸಂಸ್ಥೆ ವಿಸರ್ಜನೆಯಾಗಿ, ಆ ಬೆಲೆಗೇ ಹೆಸರು ಹೊಸ ಸಂಸ್ಥೆಗೆ ಹೋಯಿತು. ಅದರ ಮೇಲೆ ತೆರಿಗೆ ಬೀಳುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಬೀಳುವುದಿಲ್ಲ ಎಂದು 1981ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆಮೇಲೆ ಸಂಸತ್ತು ತೆರಿಗೆ ಕಾನೂನನ್ನೇ ಬದಲಿಸಿತು. ನಮಗೆ ಇಲ್ಲಿ ಮುಖ್ಯವಾದದ್ದು ಬೇರೆ. ಮುಂದೆ ಬರುವ ಪ್ರಶ್ನೆಯನ್ನು ಆ ಪಾಲುದಾರರು ಮೊದಲ ದಿನವೇ ಕರಾರಿನಲ್ಲಿ ಬರೆದಿಟ್ಟಿದ್ದರು.

ಈಗ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ. 'ಕೋರ್ಟಿಗೆ ಹೋದವರಲ್ಲಿ ಗೆದ್ದವನು ಸೋತ, ಸೋತವನು ಸತ್ತ' ಎಂಬ ಗಾದೆ ನಿಮಗೆ ಗೊತ್ತು. ಕಾನೂನೂ ಈಗ ಮೊದಲು ರಾಜಿಯ ದಾರಿಯನ್ನೇ ತೋರಿಸುತ್ತದೆ. 2015ರ ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮದ ಪಟ್ಟಿಯಲ್ಲಿ ಪಾಲುದಾರಿಕೆ ಕರಾರುಗಳ ವ್ಯಾಜ್ಯವೂ ಸೇರಿದೆ. 2018ರ ತಿದ್ದುಪಡಿಯ ನಂತರ 3 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೌಲ್ಯದ ಇಂಥ ವ್ಯಾಜ್ಯಗಳು ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತವೆ. ತುರ್ತಾಗಿ ತಡೆಯಾಜ್ಞೆ ಬೇಕಿಲ್ಲದಿದ್ದರೆ, ದಾವೆಗೆ ಮುನ್ನ ಮೀಡಿಯೇಷನ್‌ಗೆ, ಅಂದರೆ ಮಧ್ಯಸ್ಥಗಾರರ ಮುಂದೆ ಮಾತುಕತೆಗೆ, ಹೋಗಲೇಬೇಕು. ಇದು ಕಡ್ಡಾಯವೆಂದು 2022ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಮಧ್ಯಸ್ಥಗಾರರು ತೀರ್ಪು ಕೊಡುವುದಿಲ್ಲ; ಇಬ್ಬರೂ ಒಪ್ಪುವ ದಾರಿ ಹುಡುಕಲು ನೆರವಾಗುತ್ತಾರೆ.

ತೀರ್ಪು ಕೊಡುವ ಖಾಸಗಿ ವ್ಯವಸ್ಥೆ ಆರ್ಬಿಟ್ರೇಷನ್. ವ್ಯಾಜ್ಯವನ್ನು ಹೀಗೆಯೇ ಬಗೆಹರಿಸಿಕೊಳ್ಳುತ್ತೇವೆ ಎಂದು ಕರಾರಿನಲ್ಲಿ ಬರೆದಿದ್ದರೆ, 1996ರ ಅಧಿನಿಯಮದಂತೆ ನ್ಯಾಯಾಲಯ ಅವರನ್ನು ಅಲ್ಲಿಗೇ ಕಳುಹಿಸುತ್ತದೆ. ಆ ತೀರ್ಪನ್ನು ಡಿಕ್ರಿಯಂತೆಯೇ ಜಾರಿ ಮಾಡಿಸಬಹುದು. 'ಮೋಸ ನಡೆದಿದೆ, ಆದ್ದರಿಂದ ಆರ್ಬಿಟ್ರೇಷನ್ ಬೇಡ' ಎಂದು ವಾದಿಸುವವರಿದ್ದಾರೆ. ತಿರುನೆಲ್ವೇಲಿಯಲ್ಲಿ ಅಣ್ಣತಮ್ಮಂದಿರು ಪಾಲಿನಲ್ಲಿ ನಡೆಸುತ್ತಿದ್ದ ಹೋಟೆಲಿನ ವ್ಯಾಜ್ಯದಲ್ಲಿ ಈ ವಾದ ಬಂತು. ಪಾಲುದಾರರ ನಡುವಿನ ಸಾಮಾನ್ಯ ಮೋಸದ ಆರೋಪವನ್ನು ಆರ್ಬಿಟ್ರೇಟರೇ ವಿಚಾರಿಸಬಹುದು ಎಂದು 2016ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷ ಇನ್ನೊಂದು ಪ್ರಕರಣದಲ್ಲಿ, 69ನೆಯ ಕಲಂನ ಅಡ್ಡಿ ಆರ್ಬಿಟ್ರೇಷನ್ ನಡವಳಿಗೆ ಅನ್ವಯಿಸದು ಎಂದೂ ಹೇಳಿತು.

ಯಾವ ದಾರಿ ಹಿಡಿದರೂ ಕ್ಯಾಲೆಂಡರ್ ಮೇಲೆ ಕಣ್ಣಿರಬೇಕು. ವಿಸರ್ಜನೆಯಾದ ಸಂಸ್ಥೆಯ ಲೆಕ್ಕ ಮತ್ತು ಲಾಭದ ಪಾಲು ಕೇಳಲು 1963ರ ಕಾಲಮಿತಿ ಅಧಿನಿಯಮ ಕೊಟ್ಟಿರುವುದು ವಿಸರ್ಜನೆಯ ದಿನದಿಂದ 3 ವರ್ಷ. 'ಹಬ್ಬ ಕಳೆಯಲಿ, ಮಗಳ ಮದುವೆ ಮುಗಿಯಲಿ' ಎಂದು ಕಾಯುತ್ತ ಎಷ್ಟೋ ಜನ ಈ ಅವಧಿಯನ್ನು ದಾಟಿಬಿಡುತ್ತಾರೆ. ವಿಸರ್ಜನೆಯ ಸಾರ್ವಜನಿಕ ಪ್ರಕಟಣೆಯನ್ನೂ ಮರೆಯಬಾರದು. ರಾಜ್ಯಪತ್ರದಲ್ಲಿ ಮತ್ತು ಸ್ಥಳೀಯ ಭಾಷೆಯ ಪತ್ರಿಕೆಯೊಂದರಲ್ಲಿ ಅದು ಬರಬೇಕು. ನೋಂದಣಿಯಾದ ಸಂಸ್ಥೆಯಾದರೆ ನೋಂದಣಾಧಿಕಾರಿಗೂ ತಿಳಿಸಬೇಕು. ಅಲ್ಲಿಯವರೆಗೆ ಒಬ್ಬರು ಸಂಸ್ಥೆಯ ಹೆಸರಿನಲ್ಲಿ ಮಾಡಿದ ಸಾಲಕ್ಕೆ ಇನ್ನೊಬ್ಬರೂ ಹೊಣೆಯಾಗಬಹುದು. ಸಗಟು ವ್ಯಾಪಾರಿ ತನ್ನ ಇಡೀ ಬಾಕಿಯನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ವಸೂಲು ಮಾಡಬಹುದು.

ಕೊನೆಯದಾಗಿ, ನಿಮಗೇ ನೇರವಾಗಿ ಸಂಬಂಧಿಸಿದ ಒಂದು ಮಾತು. 18 ತುಂಬದವರು ಪಾಲುದಾರರಾಗುವಂತಿಲ್ಲ. ಆದರೆ ಎಲ್ಲ ಪಾಲುದಾರರೂ ಒಪ್ಪಿದರೆ ಲಾಭಕ್ಕೆ ಮಾತ್ರ ಅವರನ್ನು ಸೇರಿಸಿಕೊಳ್ಳಬಹುದು. ಅನೇಕ ಮನೆಗಳಲ್ಲಿ ಮಕ್ಕಳ ಹೆಸರು ಹೀಗೆ ಕರಾರಿನಲ್ಲಿ ಸೇರಿರುತ್ತದೆ. 18 ತುಂಬಿದ ದಿನದಿಂದ, ಅಥವಾ ಹೆಸರು ಸೇರಿರುವುದು ತಿಳಿದ ದಿನದಿಂದ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಂದ 6 ತಿಂಗಳೊಳಗೆ, ಪಾಲುದಾರರಾಗುತ್ತೀರೋ ಇಲ್ಲವೋ ಎಂದು ಸಾರ್ವಜನಿಕ ಪ್ರಕಟಣೆ ಕೊಡಬೇಕು. ಸುಮ್ಮನಿದ್ದರೆ ನೀವು ಪಾಲುದಾರರೆಂದೇ ಅರ್ಥ. ನಿಮ್ಮ ಹೆಸರು ಸೇರಿಸಿದ ದಿನದಿಂದ ಸಂಸ್ಥೆ ಮಾಡಿದ ಸಾಲಗಳಿಗೆ ನಿಮ್ಮ ಸ್ವಂತ ಆಸ್ತಿಯೂ ಹೊಣೆಯಾಗುತ್ತದೆ. ಇದು 30ನೆಯ ಕಲಂ. ಪದವಿ ತರಗತಿಯ ಮೊದಲ ವರ್ಷದಲ್ಲಿರುವ ಎಷ್ಟೋ ವಿದ್ಯಾರ್ಥಿಗಳಿಗೆ ಆ 6 ತಿಂಗಳು ಈಗಲೇ ಓಡುತ್ತಿರಬಹುದು.

ಆದ್ದರಿಂದ ಈ ವಾರ ಮನೆಯಲ್ಲಿ ನಾಲ್ಕು ಪ್ರಶ್ನೆ ಕೇಳಿ. ನಮ್ಮ ಅಂಗಡಿಯ ಪಾಲುದಾರಿಕೆ ಕರಾರು ಬರವಣಿಗೆಯಲ್ಲಿ ಇದೆಯೇ? ಸಂಸ್ಥೆ ನೋಂದಣಿಯಾಗಿದೆಯೇ? ಜಾಗ ಯಾರದು ಎಂದು ಬರೆದಿದೆಯೇ? ಅದರಲ್ಲಿ ನನ್ನ ಹೆಸರು ಇದೆಯೇ? ಅಪ್ಪನಿಗೋ ಚಿಕ್ಕಪ್ಪನಿಗೋ ಸಿಟ್ಟು ಬರಬಹುದು, 'ನಮ್ಮ ನಮ್ಮಲ್ಲಿ ಇದೆಲ್ಲ ಯಾಕೆ' ಎನ್ನಬಹುದು. ಇಬ್ಬರೂ ಒಂದೇ ಲೋಟದ ಕಾಫಿಯನ್ನು ಹಂಚಿಕೊಂಡು ಕುಡಿಯುತ್ತಿರುವ ದಿನಗಳಲ್ಲಿ ಇದನ್ನು ಬರೆಯುವುದಕ್ಕೆ ಅರ್ಧ ಗಂಟೆ ಸಾಕು ಎಂದು ಹೇಳಿ. ಮಾತು ಬಿಟ್ಟ ಮೇಲೆ ಅದೇ ಕೆಲಸವನ್ನು ಕಮಿಷನರು ಮಾಡಬೇಕಾಗುತ್ತದೆ.